ಕಾಫಿಯ ಬೆರಕೆ ಹಿಡಿಯುವ ಕಾಂತಯಂತ್ರ: ಅದರ ಅಂಕಿಗಳನ್ನು ಓದುವ ಬಗೆ



ಕ್ಲೀನ್ ಕಾಫಿ ಕಣ್ಣೆದುರಿಗಿರುವಾಗ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಹೇಳಲು ನಮ್ಮಲ್ಲಿ ಯಾರಿಗೂ ಕಷ್ಟವಿಲ್ಲ. ಅರೇಬಿಕಾ ಬೀಜ ತುಸು ನೀಳವಾಗಿದ್ದು ನಡುವಿನ ಗೆರೆ ಡೊಂಕಾಗಿರುತ್ತದೆ. ರೋಬಸ್ಟಾ ದುಂಡಗಿದ್ದು ಗೆರೆ ನೆಟ್ಟಗಿರುತ್ತದೆ. ಆದರೆ ಹುರಿದು ಪುಡಿ ಮಾಡಿದ ಮೇಲೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಆಗ ‘ಇದು ಅಪ್ಪಟ ಅರೇಬಿಕಾ’ ಎಂಬ ಮಾತಿಗೆ ಆಧಾರವೇನು? ಹೊರದೇಶಗಳ ಪ್ರಯೋಗಾಲಯಗಳು ಈ ಪ್ರಶ್ನೆಗೆ ಉತ್ತರ ಹುಡುಕಲು ಈಚಿನ ವರ್ಷಗಳಲ್ಲಿ ಬಳಸುತ್ತಿರುವ ಸಾಧನಗಳಲ್ಲಿ ಒಂದು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಅಂದರೆ ಎನ್.ಎಂ.ಆರ್. ಯಂತ್ರ. ಆಸ್ಪತ್ರೆಗಳಲ್ಲಿ ‘ಎಂ.ಆರ್.ಐ.’ ಎಂದು ಕರೆಯುವ ಯಂತ್ರವೂ ಇದೇ ತತ್ವದ ಮೇಲೆ ನಡೆಯುತ್ತದೆ.

ಈ ಯಂತ್ರದ ವಿಚಾರ ನಮ್ಮ ಪತ್ರಿಕೆಗೆ ಏಕೆ ಎಂದು ಕೆಲವರಾದರೂ ಕೇಳಬಹುದು. ಕಾರಣವಿದೆ. ಸಾಮಾನ್ಯವಾಗಿ ಅರೇಬಿಕಾಕ್ಕೆ ಬೆಲೆ ಹೆಚ್ಚು; ಆದುದರಿಂದ ಬೆರಕೆಯ ಆಸೆಯೂ ಹೆಚ್ಚು, ಅನುಮಾನವೂ ಹೆಚ್ಚು. 2019ರಲ್ಲಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆಯಿತು. ಹೆಸರು ದೊರೆತ ಮೇಲೆ ಆ ಹೆಸರಿಗೆ ಪುರಾವೆ ಕೇಳುವವರೂ ಬರುತ್ತಾರೆ. ನಾಳೆ ಒಬ್ಬ ಬೆಳೆಗಾರನ ಸರಕಿನ ಮೇಲೆ ‘ರೋಬಸ್ಟಾ ಶೇ. 4’ ಎಂಬ ಒಂದು ಸಾಲಿನ ವರದಿ ಬಂದರೆ ಅದು ಬರಿಯ ಬೆಲೆಯ ಮಾತಲ್ಲ, ಮನೆತನದ ಮರ್ಯಾದೆಯ ಮಾತು. ಆ ‘4’ ಎಂಬ ಅಂಕಿ ಯಂತ್ರದ ಬಾಯಿಂದ ನೇರವಾಗಿ ಉದುರಿದ್ದಲ್ಲ. ಯಂತ್ರ ಹೇಳಿದ್ದನ್ನು ಸಂಖ್ಯಾಶಾಸ್ತ್ರ ಅರ್ಥಮಾಡಿ ಕೊಟ್ಟದ್ದು. ಆ ಅರ್ಥ ಹೇಗೆ ಹುಟ್ಟುತ್ತದೆ, ಎಲ್ಲಿ ಎಡವಬಹುದು ಎಂಬುದನ್ನು ನಾವು ಸ್ಥೂಲವಾಗಿಯಾದರೂ ತಿಳಿದಿರಬೇಕು ಎಂಬುದೇ ಈ ಲೇಖನದ ಉದ್ದೇಶ.

ಯಂತ್ರ ಕೇಳುವುದು ಏನನ್ನು?

ಜಲಜನಕದ ಪರಮಾಣುವಿನ ನಡುವೆ ಇರುವ ಪ್ರೋಟಾನು ಒಂದು ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತದ ನಡುವೆ ಇರಿಸಿ, ರೇಡಿಯೋ ಅಲೆಯ ಒಂದು ಪೆಟ್ಟು ಕೊಟ್ಟರೆ ಅದು ತನ್ನದೇ ಒಂದು ಶ್ರುತಿಯಲ್ಲಿ ಮಿಡಿದು, ಕೆಲವೇ ಸೆಕೆಂಡುಗಳಲ್ಲಿ ಸುಮ್ಮನಾಗುತ್ತದೆ. ಕಾಫಿಯ ಎಣ್ಣೆಯಲ್ಲಿರುವ ಜಲಜನಕದ ಶ್ರುತಿ ಒಂದು, ನೀರಿನಲ್ಲಿರುವುದರ ಶ್ರುತಿ ಇನ್ನೊಂದು, ಮದ್ಯಸಾರದಲ್ಲಿರುವುದರದು ಮತ್ತೊಂದು. ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಎಂಬವರ ತಂಡಗಳು 1946ರಲ್ಲಿ ಇದನ್ನು ಬೇರೆ ಬೇರೆಯಾಗಿ ತೋರಿಸಿಕೊಟ್ಟವು. ಇಬ್ಬರಿಗೂ 1952ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮಲೆನಾಡಿನಲ್ಲಿ ಸಂಜೆ ದನಗಳು ಗುಡ್ಡದಿಂದ ಇಳಿದು ಬರುವಾಗ ಕೊರಳ ಗಂಟೆಗಳೆಲ್ಲ ಒಟ್ಟಿಗೆ ಸದ್ದು ಮಾಡುತ್ತವೆ. ಹೊಸಬರಿಗೆ ಅದು ಬರಿಯ ಗಲಗಲ. ಮನೆಯವರಿಗೆ ಮಾತ್ರ ಇದು ಕೆಂದಿ, ಅದು ಗೌರಿ, ಹಿಂದೆ ಬರುತ್ತಿರುವುದು ಪಕ್ಕದ ಮನೆಯದು ಎಂದು ತಿಳಿಯುತ್ತದೆ. ಯಂತ್ರ ಕೇಳುವುದೂ ಇಂಥದೇ ಒಟ್ಟು ಸದ್ದನ್ನು. ಅದನ್ನು ಬಿಡಿಸಿ ಯಾವ ಶ್ರುತಿಯ ಸದ್ದು ಎಷ್ಟು ಎಂದು ಪಟ್ಟಿ ಮಾಡಿಕೊಡುವುದು ಫ್ರಾನ್ಸಿನ ಫೊರಿಯೆ ಎಂಬ ಗಣಿತಜ್ಞನ ಹೆಸರಿನಲ್ಲಿರುವ ಲೆಕ್ಕ. ಸ್ವಿಟ್ಸರ್‌ಲೆಂಡಿನ ರಿಚರ್ಡ್ ಅರ್ನ್ಸ್ಟ್ ಮತ್ತು ಅವರ ಸಹೋದ್ಯೋಗಿ ವೆಸ್ಟನ್ ಆಂಡರ್ಸನ್ 1966ರಲ್ಲಿ ಈ ಲೆಕ್ಕವನ್ನು ಎನ್.ಎಂ.ಆರ್.ಗೆ ಹೊಂದಿಸಿ ಪ್ರಕಟಿಸಿದರು. ಅರ್ನ್ಸ್ಟ್ ಅವರಿಗೆ 1991ರಲ್ಲಿ ನೊಬೆಲ್ ಬಂತು. ಇದೇ ಫೊರಿಯೆ ಲೆಕ್ಕದಿಂದ ಚಿತ್ರ ತೆಗೆಯುವ ವಿಧಾನವನ್ನು 1975ರಲ್ಲಿ ಪ್ರಕಟಿಸಿದ ಮೂವರಲ್ಲಿ ಅರ್ನ್ಸ್ಟ್ ಅವರೊಡನೆ ಇದ್ದವರು ಅನಿಲ್ ಕುಮಾರ್; ಮುಂದೆ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಲೆಕ್ಕ ಮುಗಿದಾಗ ಕೈಗೆ ಸಿಗುವುದು ಶಿಖರಗಳ ಒಂದು ಸಾಲು, ಬೆಟ್ಟಸಾಲಿನ ರೇಖಾಚಿತ್ರದಂತೆ. ಶಿಖರ ಇರುವ ಸ್ಥಾನ ‘ಯಾವ ಪದಾರ್ಥ’ ಎಂಬುದನ್ನೂ, ಅದರ ವಿಸ್ತಾರ ‘ಎಷ್ಟು’ ಎಂಬುದನ್ನೂ ಹೇಳುತ್ತದೆ. ರೋಬಸ್ಟಾದಲ್ಲಿ ಧಾರಾಳವಾಗಿರುವ ‘16-ಒ-ಮೀಥೈಲ್‌ಕೆಫೆಸ್ಟಾಲ್’ ಎಂಬ ಪದಾರ್ಥದ ಶಿಖರ 3.16 ಎಂಬ ಸ್ಥಾನದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಇದು ಕಾಫಿಯ ಎಣ್ಣೆಯಂಶದಲ್ಲಿರುವ ವಸ್ತು, ಹುರಿದರೂ ಹಾಳಾಗದು. ಆದುದರಿಂದಲೇ ಪುಡಿಯಲ್ಲಿ ರೋಬಸ್ಟಾ ಹುಡುಕುವವರಿಗೆ ಇದು ಬಹುಕಾಲದಿಂದ ಗುರುತಿನ ವಸ್ತು. ಜರ್ಮನಿಯ ಡಿ.ಐ.ಎನ್. 10779 ಎಂಬ ಮಾನಕವೂ ಇದನ್ನೇ ಬೇರೊಂದು ವಿಧಾನದಿಂದ ಅಳೆಯುತ್ತದೆ.

ಗದ್ದಲದ ನಡುವೆ ಒಂದು ದನಿ

ಹಾಗಾದರೆ ಶಿಖರ ನೋಡಿದರೆ ಮುಗಿಯಿತಲ್ಲ, ಸಂಖ್ಯಾಶಾಸ್ತ್ರಕ್ಕೆ ಇಲ್ಲೇನು ಕೆಲಸ? ಕೆಲಸ ಹುಟ್ಟುವುದು ದನಿಯ ಕ್ಷೀಣತೆಯಿಂದ. ಮೇಜಿನ ಮೇಲೆ ಇಡಬಹುದಾದ 60 ಮೆಗಾಹರ್ಟ್ಸ್ ಯಂತ್ರವೊಂದರಲ್ಲಿ, ಸಾಧಾರಣ ಉಷ್ಣತೆಯಲ್ಲಿ, ಹತ್ತು ಲಕ್ಷ ಪ್ರೋಟಾನುಗಳಿದ್ದರೆ ಕಾಂತದ ದಿಕ್ಕಿಗೆ ತಿರುಗಿದವು ಎದುರು ದಿಕ್ಕಿಗೆ ತಿರುಗಿದವುಗಳಿಗಿಂತ ಸುಮಾರು 5 ಮಾತ್ರ ಹೆಚ್ಚು. ನಮಗೆ ಕೇಳಿಸುವುದು ಆ 5ರ ದನಿ. ಮಿಕ್ಕವು ಒಂದನ್ನೊಂದು ಕಳೆದುಬಿಡುತ್ತವೆ. ಇದರ ಜೊತೆಗೆ ತಂತಿಗಳಲ್ಲಿ, ಉಪಕರಣಗಳಲ್ಲಿ ಸದಾ ಇರುವ ಉಷ್ಣದ ಗದ್ದಲ ಬೇರೆ.

ಇದಕ್ಕೆ ಮೊದಲ ಉಪಾಯ ಮತ್ತೆ ಮತ್ತೆ ಕೇಳುವುದು. ಒಂದೇ ಮಾದರಿಯನ್ನು ಹಲವು ಸಲ ಅಳೆದು ಕೂಡಿಸಿದರೆ ನಿಜವಾದ ದನಿ ಪ್ರತಿ ಸಲವೂ ಅದೇ ಸ್ಥಾನದಲ್ಲಿ ಬಂದು ಬೆಳೆಯುತ್ತದೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬಂದು ಬಹುಪಾಲು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಆದರೆ ಈ ಲಾಭ ಸಲೀಸಾಗಿ ಸಿಗುವುದಿಲ್ಲ. 4 ಸಲ ಅಳೆದರೆ ಸ್ಪಷ್ಟತೆ 2 ಪಟ್ಟು, 16 ಸಲಕ್ಕೆ 4 ಪಟ್ಟು, 256 ಸಲಕ್ಕೆ 16 ಪಟ್ಟು. ಒಂದು ಸಲಕ್ಕೆ 5 ಸೆಕೆಂಡು ಎಂದಿಟ್ಟುಕೊಂಡರೆ 256 ಸಲಕ್ಕೆ ಸುಮಾರು 21 ನಿಮಿಷ ಬೇಕು. ಅದನ್ನು ಇನ್ನೂ ಇಮ್ಮಡಿ ಸ್ಪಷ್ಟ ಮಾಡಬೇಕಾದರೆ 1024 ಸಲ, ಅಂದರೆ ಸುಮಾರು 85 ನಿಮಿಷ. ವರದಿ ಬೇಗ ಬೇಕು ಎಂದರೆ ಅಷ್ಟರಮಟ್ಟಿಗೆ ಅನಿಶ್ಚಯವನ್ನೂ ಒಪ್ಪಿಕೊಂಡಂತೆ.

ಹಡಗಲಿಯಲ್ಲಿ ಹುಟ್ಟಿದವರು ಎಳೆದ ಗಡಿ

ಇಂತಿಷ್ಟು ಗದ್ದಲವಿರುವ ಅಳತೆಯಿಂದ ಎಷ್ಟು ನಿಖರವಾದ ಉತ್ತರ ಸಾಧ್ಯ? ಇದಕ್ಕೊಂದು ಮೇರೆಯಿದೆ ಎಂದು 1945ರಲ್ಲಿ ತೋರಿಸಿಕೊಟ್ಟವರು ಸಿ. ಆರ್. ರಾವ್. ಇವರು 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ಅಂದರೆ ಇಂದಿನ ವಿಜಯನಗರ ಜಿಲ್ಲೆಯಲ್ಲಿ. ಆಗ ಆ ಭಾಗ ಮದರಾಸು ಪ್ರಾಂತಕ್ಕೆ ಸೇರಿತ್ತು. ತೆಲುಗು ಮನೆಮಾತಿನ ರಾವ್ ಅವರು ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರ ಕಲಿತು ಅಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನ ಹೊತ್ತಿಗೆ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಮೇರೆಯ ಲೆಕ್ಕವಿದೆ. ಸ್ವೀಡನ್ನಿನ ಹಾರಾಲ್ಡ್ ಕ್ರಾಮೇರ್ ಅವರೂ ಅದೇ ಫಲಿತಾಂಶಕ್ಕೆ ಬಂದುದರಿಂದ ಇಬ್ಬರ ಹೆಸರನ್ನೂ ಸೇರಿಸಿ ‘ಕ್ರಾಮೇರ್–ರಾವ್ ಮಿತಿ’ ಎನ್ನುತ್ತಾರೆ. ರಾವ್ ಅವರು 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪಾರಿತೋಷಕ ಪಡೆದು, ಅದೇ ವರ್ಷ 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಮಿತಿಯ ತಿರುಳು ಇಷ್ಟೆ: ದತ್ತಾಂಶದಲ್ಲಿರುವ ಮಾಹಿತಿಗಿಂತ ಹೆಚ್ಚಿನ ನಿಖರತೆಯನ್ನು ಯಾವ ಪಕ್ಷಪಾತವಿಲ್ಲದ ಲೆಕ್ಕದಿಂದಲೂ ಹಿಂಡಲಾಗದು. ಒಣಗಿದ ಕಬ್ಬನ್ನು ಗಾಣಕ್ಕೆ ಎಷ್ಟು ಸಲ ಕೊಟ್ಟರೂ ಇಲ್ಲದ ರಸ ಬಾರದಷ್ಟೆ. ಎನ್.ಎಂ.ಆರ್. ಕ್ಷೇತ್ರದಲ್ಲಿ ಇದು ನಿತ್ಯದ ಉಪಯೋಗಕ್ಕೆ ಬಂದಿದೆ. ಆಸ್ಪತ್ರೆಗಳಲ್ಲಿ ಮಿದುಳಿನೊಳಗಿನ ರಾಸಾಯನಿಕಗಳನ್ನು ಇದೇ ವಿಧಾನದಿಂದ ಅಳೆಯುವಾಗ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಕ್ರಾಮೇರ್–ರಾವ್ ಮಿತಿಯನ್ನೂ ಮುದ್ರಿಸುವ ವಾಡಿಕೆಯಿದೆ. ಕಾಫಿಯ ವರದಿಯಲ್ಲಿ ‘ರೋಬಸ್ಟಾ ಶೇ. 4’ ಎಂದು ಮಾತ್ರ ಬರೆದಿದ್ದರೆ ಅದು ಅರ್ಧ ವರದಿ. ‘ಶೇ. 4, ಹೆಚ್ಚು ಕಡಿಮೆ 1’ ಎನ್ನುವುದಕ್ಕೂ ‘ಶೇ. 4, ಹೆಚ್ಚು ಕಡಿಮೆ 4’ ಎನ್ನುವುದಕ್ಕೂ ಅಜಗಜಾಂತರವಿದೆ. ಎರಡನೆಯದರ ಅರ್ಥ ಏನೂ ಇಲ್ಲದೆಯೂ ಇರಬಹುದು ಎಂದು.

ಸಾವಿರ ಅಂಕಿ, ಎರಡು ಮೂರು ಮಾತು

ಒಂದೇ ಶಿಖರ ನೋಡುವುದು ಒಂದು ದಾರಿ. ಇಡೀ ಬೆಟ್ಟಸಾಲನ್ನೇ ಹೋಲಿಸುವುದು ಇನ್ನೊಂದು ದಾರಿ. ಒಂದು ಮಾದರಿಯ ರೇಖೆಯಲ್ಲಿ ಸಾವಿರಾರು ಬಿಂದುಗಳಿರುತ್ತವೆ. ಸಾವಿರಾರು ಅಂಕಿಗಳನ್ನು ಮನುಷ್ಯ ಕಣ್ಣಿನಿಂದ ಹೋಲಿಸಲಾರ. ಆದರೆ ಅವುಗಳಲ್ಲಿ ಬಹಳಷ್ಟು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಹೀಗೆ ಜೊತೆಯಾಗಿ ಚಲಿಸುವವನ್ನು ಕಟ್ಟುಕಟ್ಟಿ ಎರಡು ಮೂರು ಮುಖ್ಯ ಅಂಶಗಳಿಗೆ ಇಳಿಸುವ ವಿಧಾನಕ್ಕೆ ‘ಪ್ರಧಾನ ಘಟಕ ವಿಶ್ಲೇಷಣೆ’ ಎಂದು ಹೆಸರು. 1901ರಲ್ಲಿ ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ ಇದರ ಮೂಲ ಹಾಕಿದರು. 1933ರಲ್ಲಿ ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ ಬೆಳೆಸಿದರು. ಮಂಡಿಯಲ್ಲಿ ಅನುಭವಸ್ಥರು ಅಡಿಕೆಯ ರಾಶಿಯ ಮುಂದೆ ನಿಂತು ಒಂದೊಂದೇ ಅಡಿಕೆಯನ್ನು ಎಣಿಸುವುದಿಲ್ಲ. ಬಣ್ಣ, ತೂಕ, ಕತ್ತರಿಸಿದಾಗಿನ ಹೊಳಪು ಎಂದು ಎರಡು ಮೂರು ಮಾತಿನಲ್ಲಿ ಇಡೀ ರಾಶಿಯನ್ನು ಹಿಡಿದುಬಿಡುತ್ತಾರೆ. ಇದೂ ಹಾಗೆಯೆ.

ಹೀಗೆ ಇಳಿಸಿದ ಮೇಲೆ ‘ಈ ಮಾದರಿ ಅಪ್ಪಟ ಅರೇಬಿಕಾ ಗುಂಪಿಗೆ ಎಷ್ಟು ಹತ್ತಿರ?’ ಎಂದು ಕೇಳಬೇಕು. ಇದಕ್ಕೆ ಹಲವೆಡೆ ಬಳಸುವ ಅಳತೆಗೋಲು ಪ್ರಶಾಂತಚಂದ್ರ ಮಹಲನೋಬಿಸ್ ಅವರು 1936ರಲ್ಲಿ ಕೊಟ್ಟದ್ದು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿ ಹೆಸರಾದವರೂ ಅವರೇ. ಅವರ ಅಳತೆಗೋಲಿನ ಮರ್ಮ ಚಾಲಿ ಅಡಿಕೆ ಸುಲಿಯುವವರಿಗೆ ಚೆನ್ನಾಗಿ ಗೊತ್ತು. ದೊಡ್ಡ ಅಡಿಕೆ ಇರುತ್ತದೆ, ತಪ್ಪಿಲ್ಲ. ಹಗುರ ಅಡಿಕೆಯೂ ಇರುತ್ತದೆ, ಅದು ಸಣ್ಣದಿರಬಹುದು. ಆದರೆ ದೊಡ್ಡದಾಗಿದ್ದೂ ಹಗುರವಾಗಿದ್ದರೆ ಅದು ಟೊಳ್ಳು. ಗಾತ್ರವನ್ನೇ ನೋಡಿದರೆ ದೋಷವಿಲ್ಲ, ತೂಕವನ್ನೇ ನೋಡಿದರೆ ದೋಷವಿಲ್ಲ. ಎರಡನ್ನೂ ಕೂಡಿಸಿ ನೋಡಿದಾಗಲೇ ದೋಷ ಕಾಣುವುದು. ಗುಣಗಳು ಜೊತೆಯಾಗಿ ಹೇಗೆ ನಡೆಯುತ್ತವೆ ಎಂಬುದನ್ನು ಗಣನೆಗೆ ತೆಗೆದುಕೊಂಡು ದೂರ ಅಳೆಯುವುದೇ ಮಹಲನೋಬಿಸ್ ದೂರ.

ಇಲ್ಲೊಂದು ಅಪಾಯವನ್ನೂ ಹೇಳಬೇಕು. ಬಿಂದುಗಳು ಸಾವಿರಾರು, ಮಾದರಿಗಳು ಮೂವತ್ತೋ ನಲವತ್ತೋ ಆಗಿರುವಾಗ, ಗುಂಪುಗಳನ್ನು ಬೇರ್ಪಡಿಸುವುದಕ್ಕೆಂದೇ ಕಟ್ಟಿದ ಕೆಲವು ಲೆಕ್ಕಗಳು ಇಲ್ಲದ ವ್ಯತ್ಯಾಸವನ್ನೂ ಹುಡುಕಿ ತೋರಿಸಬಲ್ಲವು. ‘ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್’ ಎಂಬ ವಿಧಾನ ಇದಕ್ಕೆ ಹೆಸರಾದದ್ದು. ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿದ ಹುಡುಗ ನೂರಕ್ಕೆ ನೂರು ತೆಗೆದರೆ ಅವನನ್ನು ಜಾಣನೆನ್ನಲಾಗದು. ಆದುದರಿಂದ ಲೆಕ್ಕ ಕಟ್ಟುವಾಗ ಬಳಸದೆ ಬೇರೆ ಎತ್ತಿಟ್ಟ ಮಾದರಿಗಳ ಮೇಲೆ ಪರೀಕ್ಷಿಸಿದ್ದಾರೆಯೆ ಎಂಬುದನ್ನು ಕೇಳಲೇಬೇಕು. ಎಚ್ಚರವುಳ್ಳ ಪ್ರಯೋಗಾಲಯಗಳು ‘ಅರೇಬಿಕಾ’, ‘ರೋಬಸ್ಟಾ’ ಎಂಬ ಚೀಟಿಗಳನ್ನು ಬೇಕೆಂದೇ ಅದಲುಬದಲು ಮಾಡಿಯೂ ಲೆಕ್ಕ ನಡೆಸಿ ನೋಡುತ್ತವೆ. ಚೀಟಿ ಕಲಸಿದ ಮೇಲೂ ಗುಂಪುಗಳು ಚೆಂದವಾಗಿ ಬೇರೆಯಾದರೆ ಆ ಲೆಕ್ಕವನ್ನು ನಂಬುವಂತಿಲ್ಲ.

ನಾರ್ವಿಚ್ ಊರಿನ ಪಾಠ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ನಾರ್ವಿಚ್ ಊರಿನಲ್ಲಿದ್ದ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುರಿದ ಕಾಫಿಪುಡಿಯಿಂದ ಕ್ಲೋರೋಫಾರ್ಮಿನಲ್ಲಿ ಎಣ್ಣೆಯಂಶ ತೆಗೆದು, 60 ಮೆಗಾಹರ್ಟ್ಸಿನ ಸಣ್ಣ ಯಂತ್ರದಲ್ಲಿ ಅಳೆದು, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪ್ಪಟ ಕಾಫಿಗಳು, ಬೆರೆಸಿದ ಕಾಫಿಗಳು ಸೇರಿ 81 ಮಾದರಿಗಳು. 3.16ರ ಶಿಖರ ಸ್ಪಷ್ಟವಾಗಿ ಕಂಡಿತು. ಅರೇಬಿಕಾದಲ್ಲಿ ಬೆರೆತ ರೋಬಸ್ಟಾ ಶೇ. 10ರಿಂದ 20ರ ನಡುವಿನ ಮಟ್ಟ ದಾಟಿದರೆ ಪತ್ತೆಯಾಗುತ್ತದೆ ಎಂದು ಅಂದಾಜಾಯಿತು. ‘ನೂರಕ್ಕೆ ನೂರು ಅರೇಬಿಕಾ’ ಎಂಬ ಚೀಟಿ ಹೊತ್ತ 27 ಅಂಗಡಿ ಸರಕುಗಳನ್ನು ನೋಡಿದಾಗ ಒಂದೂ ಆ ಮಟ್ಟ ದಾಟಿರಲಿಲ್ಲ.

ಮುಂದಿನ ವರ್ಷ ಅದೇ ತಂಡದವರು ಎಣ್ಣೆಯಂಶವನ್ನು ಇನ್ನೂ ಗಟ್ಟಿಯಾಗಿ ತೆಗೆಯುವ ವಿಧಾನ ಹಿಡಿದರು. ದನಿ ಜೋರಾಯಿತು, ಶೇ. 1–2ರಷ್ಟು ಕಡಿಮೆ ಬೆರಕೆಯೂ ಕಾಣತೊಡಗಿತು. ಆದರೆ ಅದರೊಡನೆ ಯಾರೂ ನಿರೀಕ್ಷಿಸದ ಸಂಗತಿಯೂ ಹೊರಬಿತ್ತು. ಮೂಲ ಖಚಿತವಾಗಿ ಗೊತ್ತಿದ್ದ 30 ಅರೇಬಿಕಾ ಕಾಫಿಗಳಲ್ಲಿಯೂ 3.16ರಲ್ಲಿ ಒಂದು ಪುಟ್ಟ ಶಿಖರ ಇತ್ತು! ಅರೇಬಿಕಾದಲ್ಲಿ ಇಲ್ಲವೇ ಇಲ್ಲ ಎಂದು ಅಲ್ಲಿಯವರೆಗೆ ನಂಬಿದ್ದ ಪದಾರ್ಥ ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇತ್ತು. 600 ಮೆಗಾಹರ್ಟ್ಸಿನ ದೊಡ್ಡ ಯಂತ್ರದಿಂದಲೂ, ಬೇರೊಂದು ರಾಸಾಯನಿಕ ವಿಧಾನದಿಂದಲೂ ಅವರು ಇದನ್ನು ಖಚಿತಪಡಿಸಿಕೊಂಡರು. ತರುವಾಯ 60 ಅಂಗಡಿ ಸರಕುಗಳನ್ನು ಪರೀಕ್ಷಿಸಿದಾಗ 6 ಸರಕುಗಳಲ್ಲಿ ಶೇ. 3ರಿಂದ 30ರ ಬೆರಕೆಗೆ ಸಮನಾದ ಶಿಖರ ದೊರೆಯಿತು.

ಬಂಧುಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2017ರ ಫಲಿತಾಂಶ ನೋಡಿ ಕೊಳ್ಳುವವರೊಬ್ಬರು ಕರಾರಿನಲ್ಲಿ ‘3.16ರ ಶಿಖರ ಕಂಡರೆ ಸರಕು ತಿರಸ್ಕೃತ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಯಂತ್ರ ಸುಧಾರಿಸಿದ ದಿನವೇ ಅಪ್ಪಟ ಅರೇಬಿಕಾ ಬೆಳೆದವರೆಲ್ಲ ಬೆರಕೆಗಾರರಾಗುತ್ತಿದ್ದರು. ತೋಟವೂ ಬದಲಾಗಿಲ್ಲ, ಗಿಡವೂ ಬದಲಾಗಿಲ್ಲ, ಬೆಳೆಗಾರನೂ ಬದಲಾಗಿಲ್ಲ. ಬದಲಾದದ್ದು ಯಂತ್ರದ ಕಿವಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ. ‘ಇದೆಯೆ, ಇಲ್ಲವೆ’ ಎಂಬ ಪ್ರಶ್ನೆ ಹೋಗಿ ‘ಎಷ್ಟಿದೆ? ಅಪ್ಪಟ ಸರಕಿನಲ್ಲಿ ಸಹಜವಾಗಿ ಎಷ್ಟಿರುತ್ತದೆ?’ ಎಂಬ ಪ್ರಶ್ನೆ ಬಂದಿತು. ಇದು ಸಂಖ್ಯಾಶಾಸ್ತ್ರದ ಪ್ರಶ್ನೆ.

ಗೆರೆ ಎಳೆಯುವುದು ಎಲ್ಲಿ?

ಅಪ್ಪಟ ಅರೇಬಿಕಾಗಳಲ್ಲಿಯೂ ಶಿಖರದ ಅಳತೆ ಒಂದರಿಂದೊಂದಕ್ಕೆ ವ್ಯತ್ಯಾಸವಾಗುತ್ತದೆ. ಅವುಗಳನ್ನೆಲ್ಲ ಅಳೆದು, ಸರಾಸರಿ ತೆಗೆದು, ಏರಿಳಿತವನ್ನು ಲೆಕ್ಕಹಾಕಿ, ಇದಕ್ಕಿಂತ ಮೇಲಿದ್ದರೆ ಅನುಮಾನ ಎಂದು ಒಂದು ಗೆರೆ ಎಳೆಯುತ್ತಾರೆ. ಗೆರೆಯನ್ನು ಕೆಳಗೆ ಎಳೆದರೆ ಪ್ರಾಮಾಣಿಕರು ಸಿಕ್ಕಿಬೀಳುತ್ತಾರೆ. ಮೇಲೆ ಎಳೆದರೆ ಬೆರಕೆಯವರು ನುಸುಳುತ್ತಾರೆ. ಎರಡೂ ಇಲ್ಲದ ಗೆರೆ ಎಂಬುದಿಲ್ಲ.

ಒಂದು ಲೆಕ್ಕ ಮಾಡೋಣ. 1000 ಸರಕುಗಳಲ್ಲಿ 20 ಮಾತ್ರ ನಿಜವಾಗಿ ಬೆರಕೆಯವು ಎಂದಿಟ್ಟುಕೊಳ್ಳಿ. ಪರೀಕ್ಷೆ ಬೆರಕೆಯಲ್ಲಿ ನೂರಕ್ಕೆ 95ನ್ನು ಹಿಡಿಯುತ್ತದೆ; ಅಪ್ಪಟದಲ್ಲಿ ನೂರಕ್ಕೆ 5ನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಬಹಳ ಒಳ್ಳೆಯ ಪರೀಕ್ಷೆ. ಆದರೆ 20ರಲ್ಲಿ 19 ಬೆರಕೆ ಸಿಕ್ಕಿದರೆ, 980 ಅಪ್ಪಟ ಸರಕುಗಳಲ್ಲಿ 49 ಸಿಕ್ಕಿಬೀಳುತ್ತವೆ. ಒಟ್ಟು ಆರೋಪಕ್ಕೆ ಗುರಿಯಾದವು 68. ಅದರಲ್ಲಿ 49 ನಿರಪರಾಧಿಗಳು! ಆದುದರಿಂದ ಮೊದಲ ಪರೀಕ್ಷೆ ಎಂದರೆ ಜರಡಿ ಮಾತ್ರ. ಜರಡಿಯಲ್ಲಿ ನಿಂತದ್ದನ್ನು ಬೇರೆ ವಿಧಾನದಿಂದ ಮತ್ತೊಮ್ಮೆ ನೋಡದೆ ತೀರ್ಪು ಕೊಡಕೂಡದು.

ಇನ್ನು ಮಾದರಿಗಳ ಸಂಖ್ಯೆ. 30 ಅಪ್ಪಟ ಮಾದರಿಗಳನ್ನು ಪರೀಕ್ಷಿಸಿ ಒಂದೂ ಗೆರೆ ದಾಟಲಿಲ್ಲವೆನ್ನಿ. ಹಾಗಾದರೆ ತಪ್ಪು ಆರೋಪವೇ ಬಾರದು ಎನ್ನಬಹುದೆ? ಇಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಸೂತ್ರವಿದೆ: 3ನ್ನು ಮಾದರಿಗಳ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 30, ಅಂದರೆ ತಪ್ಪಿನ ಪ್ರಮಾಣ ನೂರಕ್ಕೆ 10ರವರೆಗೂ ಇರಬಹುದು; ಅದಕ್ಕಿಂತ ಹೆಚ್ಚಿಲ್ಲ ಎಂದಷ್ಟೇ ನೂರಕ್ಕೆ 95ರ ಭರವಸೆಯಿಂದ ಹೇಳಬಹುದು. ನೂರಕ್ಕೆ 1ಕ್ಕಿಂತ ಕಡಿಮೆ ಎನ್ನಬೇಕಾದರೆ 300 ಅಪ್ಪಟ ಮಾದರಿಗಳು ಬೇಕು.

ಆ ಮಾದರಿಗಳು ಎಲ್ಲಿಯವು ಎಂಬುದೂ ಅಷ್ಟೇ ಮುಖ್ಯ. ಅರೇಬಿಕಾ ಜಾತಿಯೇ ಮೂಲದಲ್ಲಿ ರೋಬಸ್ಟಾದ ಜಾತಿಯಾದ ಕೆನೆಫೊರಾ ಮತ್ತು ಯುಜೆನಿಯಾಯ್ಡಿಸ್ ಎಂಬ ಎರಡು ಜಾತಿಗಳ ಸಹಜ ಸಂಕರದಿಂದ ಹುಟ್ಟಿದ್ದು. ನಮ್ಮ ತೋಟಗಳ ತಳಿಗಳಲ್ಲಿ ಅನ್ಯ ರಕ್ತ ಇನ್ನಷ್ಟಿದೆ. ಎಸ್. 795ರ ವಂಶದಲ್ಲಿ ಲೈಬೀರಿಕಾ ಇದೆ. ಕಾವೇರಿ ತಳಿಯಲ್ಲಿಯೂ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿಯಲ್ಲಿಯೂ ‘ಹಿಬ್ರಿಡೊ ಡಿ ಟಿಮೋರ್’ ಇದೆ. ಅದು ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡ. ಎಲೆ ತುಕ್ಕುರೋಗ ತಡೆಯುವ ಶಕ್ತಿ ಬಂದಿರುವುದು ಈ ಬೆರಕೆ ರಕ್ತದಿಂದಲೇ. ಇಂಥ ತಳಿಗಳನ್ನು ಬೆಳೆಯುವವರ ಸರಕನ್ನು, ಬೇರೆ ಖಂಡಗಳ ಬೇರೆ ತಳಿಗಳಿಂದ ಎಳೆದ ಗೆರೆಗೆ ಹಿಡಿದು ತೂಗುವುದು ನ್ಯಾಯವಲ್ಲ. ನಮ್ಮ ತಳಿಗಳ ಖಚಿತ ಮಾದರಿಗಳು ಆ ಪಟ್ಟಿಯಲ್ಲಿ ಇದ್ದರೆ ಮಾತ್ರ ಆ ಗೆರೆ ನಮಗೂ ಗೆರೆ.

ಮೂಟೆಯಿಂದ ನಳಿಕೆಗೆ

ಅನ್ನ ಬೆಂದಿದೆಯೆ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಕಾಫಿ ಮೂಟೆ ಅನ್ನದ ಪಾತ್ರೆಯಲ್ಲ. ಯಂತ್ರದ ನಳಿಕೆಗೆ ಹೋಗುವುದು ಒಂದು ಮಿಲಿಲೀಟರಿಗೂ ಕಡಿಮೆ ದ್ರವ. ಅದು ಲಾರಿಯ ಸರಕನ್ನೆಲ್ಲ ಪ್ರತಿನಿಧಿಸಬೇಕು.

ಸರಕಿನಲ್ಲಿ ನೂರಕ್ಕೆ 2 ಬೀಜ ರೋಬಸ್ಟಾ ಎಂದಿಟ್ಟುಕೊಳ್ಳಿ. ಚೆನ್ನಾಗಿ ಕಲಸಿ 50 ಬೀಜ ತೆಗೆದರೆ ಅದರಲ್ಲಿ ಒಂದೂ ರೋಬಸ್ಟಾ ಇಲ್ಲದಿರುವ ಸಂಭವ ನೂರಕ್ಕೆ 36. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ‘ಶುದ್ಧ’ ಎಂಬ ಸುಳ್ಳು ವರದಿ. 300 ಬೀಜ, ಅಂದರೆ ಸುಮಾರು 50 ಗ್ರಾಂ ತೆಗೆದರೆ ಈ ಸಂಭವ ನೂರಕ್ಕೆ ಕಾಲರಷ್ಟೂ ಇಲ್ಲ. ಆದರೂ 300ರಲ್ಲಿ ರೋಬಸ್ಟಾ 6 ಇರಬೇಕಾದ ಕಡೆ ಒಮ್ಮೆ 2, ಒಮ್ಮೆ 10 ಬರುವುದು ಸಹಜ. ಯಂತ್ರ ಎಳ್ಳಷ್ಟೂ ತಪ್ಪದಿದ್ದರೂ ವರದಿ ಶೇ. 0.7ರಿಂದ 3.3ರವರೆಗೆ ತೂಗಾಡಬಹುದು. ದೊಡ್ಡ ಮಾದರಿ ತೆಗೆದು, ಹಲವು ಮೂಟೆಗಳಿಂದ ತೆಗೆದು, ಒಟ್ಟಿಗೆ ಪುಡಿ ಮಾಡಿ ಕಲಸದ ಹೊರತು ಇದಕ್ಕೆ ಬೇರೆ ಪರಿಹಾರವಿಲ್ಲ.

ಇದರ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ಶೇ. 1–2ನ್ನು ಕಾಣಬಲ್ಲ ಯಂತ್ರ ನಮ್ಮ ಅಜಾಗರೂಕತೆಯನ್ನೂ ಕಾಣಬಲ್ಲದು. ಒಂದೇ ಕಣದಲ್ಲಿ ಎರಡೂ ಜಾತಿ ಒಣಗಿಸುವುದು, ಒಂದೇ ಪಲ್ಪರ್‌ನಲ್ಲಿ ತೊಳೆಯದೆ ಎರಡನ್ನೂ ಓಡಿಸುವುದು, ಗುಡಿಸಿದ ಬೀಜವನ್ನು ಯಾವುದೋ ಮೂಟೆಗೆ ಸುರಿಯುವುದು, ಹಳೆಯ ಗೋಣಿಯನ್ನು ಕೊಡವದೆ ತುಂಬುವುದು ಇವೆಲ್ಲ ನಮ್ಮಲ್ಲಿ ಮೋಸವಲ್ಲ, ರೂಢಿ. ಯಂತ್ರಕ್ಕೆ ರೂಢಿಯೂ ಮೋಸವೂ ಒಂದೇ. ನ್ಯಾಯವಾದ ಗೆರೆ ಕೇಳುವವರು ತಮ್ಮ ಕಣವನ್ನು ಮೊದಲು ಚೊಕ್ಕಟವಾಗಿ ಇಟ್ಟುಕೊಳ್ಳಬೇಕು.

ನಾವು ಮಾಡಬೇಕಾದುದು

ಅಡಿಕೆ ಬೆಳೆಯುವ ಸದಸ್ಯರು ಇದು ಕಾಫಿಯವರ ಪಾಡು ಎಂದು ತಿಳಿಯಬಾರದು. 2019ರಲ್ಲಿ ಶಿರಸಿ ಸುಪಾರಿಗೂ ಭೌಗೋಳಿಕ ಗುರುತು ಬಂದಿದೆ. ಯಾವ ಬೆಳೆಯ ಮೂಲವನ್ನಾದರೂ ರಾಸಾಯನಿಕ ಗುರುತಿನಿಂದ ತೀರ್ಮಾನಿಸುವ ಕಾಲಕ್ಕೆ ಇದೇ ಲೆಕ್ಕ, ಇದೇ ಪ್ರಶ್ನೆಗಳು ಏಳುತ್ತವೆ. ಆದುದರಿಂದ ಎಲ್ಲ ಸದಸ್ಯರ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇವೆ.

ಮೊದಲನೆಯದಾಗಿ, ಪ್ರಯೋಗಾಲಯದ ವರದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಅಂಕಿಯ ಹೆಚ್ಚು ಕಡಿಮೆ ಎಷ್ಟು? ಗೆರೆ ಎಳೆದದ್ದು ಎಷ್ಟು ಅಪ್ಪಟ ಮಾದರಿಗಳಿಂದ, ಅವು ಯಾವ ದೇಶದವು, ಯಾವ ತಳಿಯವು? ಆ ಗೆರೆಯಿಂದ ಪ್ರಾಮಾಣಿಕ ಸರಕು ತಪ್ಪಾಗಿ ಸಿಕ್ಕಿಬೀಳುವುದು ನೂರಕ್ಕೆ ಎಷ್ಟು? ಉತ್ತರ ಲಿಖಿತವಾಗಿರಲಿ.

ಎರಡನೆಯದಾಗಿ, ಸರಕು ಕಳುಹಿಸುವ ಮೊದಲು ಹಲವು ಮೂಟೆಗಳಿಂದ ತೆಗೆದ ಒಂದು ಕಿಲೋ ಮಾದರಿಯನ್ನು ಇಬ್ಬರ ಎದುರಿನಲ್ಲಿ ಮೊಹರು ಮಾಡಿ ಇರಿಸಿಕೊಳ್ಳಿ. ವಿವಾದ ಬಂದಾಗ ಎರಡನೆಯ ಪರೀಕ್ಷೆಗೆ ಅದೊಂದೇ ಆಧಾರ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸಂಘದ ವತಿಯಿಂದ ನಮ್ಮದೇ ಒಂದು ಮಾದರಿ ಭಂಡಾರ ಆಗಬೇಕು. ತಳಿ, ತೋಟ, ಎತ್ತರ, ಕೊಯ್ಲಿನ ವರ್ಷ, ಪಾರ್ಚ್‌ಮೆಂಟೋ ಚೆರ್ರಿಯೋ ಎಂಬ ವಿವರಗಳೊಡನೆ, ಬೆರಕೆಗೆ ಅವಕಾಶವಿಲ್ಲದಂತೆ ಗಿಡದಿಂದಲೇ ಕೊಯ್ದು ಒಣಗಿಸಿದ ಮಾದರಿಗಳು. ಒಬ್ಬ ಬೆಳೆಗಾರ 300 ಮಾದರಿ ಒದಗಿಸಲಾರ. 300 ಬೆಳೆಗಾರರು ಒಂದೊಂದು ಒದಗಿಸಬಲ್ಲರು. ಸಹಕಾರ ಸಂಘ ಎಂದರೆ ಮತ್ತೇನು? ಪರೀಕ್ಷೆ ಮಾಡುವವರ ಮುಂದೆ ‘ಇದು ನಮ್ಮ ಮಲೆಯ ಅಪ್ಪಟ ಅರೇಬಿಕಾ, ನಿಮ್ಮ ಗೆರೆಯನ್ನು ಇದಕ್ಕೂ ಹೊಂದಿಸಿ’ ಎಂದು ಇಡಲು ನಮ್ಮ ಕೈಯಲ್ಲಿ ಸರಕಿರಬೇಕು.

ಮುಂದಿನ ಕೊಯ್ಲು ಶುರುವಾಗುವ ಮುನ್ನ ಈ ವಿಷಯವನ್ನು ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ತರಲಿದ್ದೇವೆ. ಮಾದರಿ ಕೊಡಲು ಒಪ್ಪುವ ಸದಸ್ಯರು ತಮ್ಮ ತೋಟದಲ್ಲಿರುವ ತಳಿಗಳ ಹೆಸರನ್ನು ಸಂಘದ ಕಚೇರಿಯಲ್ಲಿ ಈಗಲೇ ಬರೆಸಿದರೆ ಕೆಲಸಕ್ಕೆ ಅನುಕೂಲ. ತಳಿ ಯಾವುದೆಂದು ಖಚಿತವಿಲ್ಲದವರು ಗಿಡ ಎಲ್ಲಿಂದ ತಂದದ್ದು, ಯಾವ ವರ್ಷ ನೆಟ್ಟದ್ದು ಎಂಬುದನ್ನಾದರೂ ತಿಳಿಸಬೇಕಾಗಿ ವಿನಂತಿ.